ಸ್ಕ್ಯಾನ್ ನಾರ್ಮಲ್, ಮನುಷ್ಯ ಮಾತ್ರ ಮೊದಲಿನ ಹಾಗಿಲ್ಲ: ತಲೆಪೆಟ್ಟಿಗೆ ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ಮನೆಯವರು ಸೇನೆಯಲ್ಲಿ ನಾಯಕ್. ವಯಸ್ಸು 34, ಸರ್ವಿಸ್ 13 ವರ್ಷ. ನಾಲ್ಕೂವರೆ ತಿಂಗಳ ಹಿಂದೆ ರಜೆಗೆ ಬಂದರು. ಅರಸೀಕೆರೆಯಲ್ಲಿ ರೈಲು ಇಳಿದು ನನ್ನ ಅಣ್ಣನ ಬೈಕಿನ ಹಿಂದೆ ಕೂತು ಊರಿಗೆ ಬರುವಾಗ ಗೂಡ್ಸ್ ಗಾಡಿ ಹೊಡೆಯಿತು. ಅಣ್ಣನಿಗೆ ಕೈ ಮುರಿಯಿತು, ಇವರಿಗೆ ತಲೆಗೆ ಪೆಟ್ಟು. ಹೆಲ್ಮೆಟ್ ಇರಲಿಲ್ಲ. 11 ದಿನ ಐಸಿಯು, ಆಮೇಲೆ ಮಿಲಿಟರಿ ಆಸ್ಪತ್ರೆ. ಈಗ ಸಿಕ್ ಲೀವ್ ಮೇಲೆ ಮನೆಯಲ್ಲಿದ್ದಾರೆ. ನಡೆಯುತ್ತಾರೆ, ಉಣ್ಣುತ್ತಾರೆ, ಮಾತಾಡುತ್ತಾರೆ. ಕೊನೆಯ ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದಿದೆ. ಆದರೆ ಕುಕ್ಕರ್ ಕೂಗಿದರೆ ಸಿಟ್ಟು ನೆತ್ತಿಗೇರುತ್ತದೆ. ಒಂದೇ ಮಾತು ನಾಲ್ಕು ಸಲ ಕೇಳುತ್ತಾರೆ. ವಿಮೆ ಕಂಪನಿ ಕಡೆಯವರು ಅಂತ ಒಬ್ಬರು ಬಂದು, ಲೋಕ ಅದಾಲತ್‌ನಲ್ಲಿ 6 ಲಕ್ಷಕ್ಕೆ ಮುಗಿಸಿಕೊಳ್ಳಿ ಅಂದರು. ಊರಲ್ಲಿ ಕೆಲವರು, ರಜೆಯಲ್ಲಿ ಆದದ್ದಕ್ಕೆ ಮಿಲಿಟರಿಯವರು ಏನೂ ಕೊಡುವುದಿಲ್ಲ ಅನ್ನುತ್ತಾರೆ. ಇನ್ನು ಕೆಲವರು, ಪಿಂಚಣಿ ಬಂದರೆ ಕೋರ್ಟಿನ ಪರಿಹಾರ ಸಿಗುವುದಿಲ್ಲ ಅನ್ನುತ್ತಾರೆ. ಕೇಸ್ ಹಾಕಿದರೆ ಅಣ್ಣನ ತಲೆಗೆ ಬರುತ್ತದೋ ಅಂತ ಭಯ. ಇವರನ್ನೇ ಕೇಳಿದರೆ 'ನನಗೇನೂ ಆಗಿಲ್ಲ' ಅನ್ನುತ್ತಾರೆ. ಕೋರ್ಟಿನಲ್ಲೂ ಹಾಗೇ ಹೇಳಿಬಿಟ್ಟರೆ?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು 'ನಾಲ್ಕೂವರೆ ತಿಂಗಳು' ಅನ್ನುವ ಮಾತು. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರಂತೆ 2022ರ ಏಪ್ರಿಲ್ 1ರಿಂದ, ಅಪಘಾತ ಆದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ ನಿಜ. ಪೊಲೀಸರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸುವ ಅಪಘಾತ ವರದಿಯನ್ನೇ ಅರ್ಜಿ ಅಂತ ಪರಿಗಣಿಸಬೇಕು ಅನ್ನುವ ನಿಯಮವೂ ಇದೆ. ಆದರೂ ಇವುಗಳನ್ನು ನಂಬಿ ಕೂರಬೇಡಿ. ನಿಮಗೆ ಇನ್ನು ಆರು ವಾರ ಇದೆ. ಅರ್ಜಿಯನ್ನು ಅಪಘಾತ ಆದ ಜಾಗದಲ್ಲೇ ಹಾಕಬೇಕು ಅಂತೇನಿಲ್ಲ, ನೀವು ವಾಸ ಇರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು.

'ಇನ್ನೂ ಚಿಕಿತ್ಸೆ ನಡೀತಿದೆ, ಎಷ್ಟು ನಷ್ಟ ಅಂತಲೇ ಗೊತ್ತಿಲ್ಲ, ಈಗಲೇ ಹೇಗೆ ಹಾಕೋದು?' ಅಂತ ಬಹಳ ಜನ ಕೇಳುತ್ತಾರೆ. ಅರ್ಜಿ ಈಗ ಹಾಕಿ, ಸಾಕ್ಷ್ಯ ಆಮೇಲೆ ಕೊಡಿ. ಮಿದುಳಿನ ಗಾಯದ ಕೇಸುಗಳಲ್ಲಿ ನಾನು ಯಾವಾಗಲೂ ಮಾಡುವುದು ಹೀಗೇ. ಮಿದುಳು ಚೇತರಿಸಿಕೊಳ್ಳುವುದು ಮೊದಲ ಆರು ತಿಂಗಳಲ್ಲಿ ಜಾಸ್ತಿ, ಆಮೇಲೆ ನಿಧಾನ, ಎರಡು ವರ್ಷದವರೆಗೂ ಸ್ವಲ್ಪ ಸ್ವಲ್ಪ ಬದಲಾವಣೆ ಕಾಣಬಹುದು. ಏನು ಉಳಿಯಿತು, ಏನು ಹೋಯಿತು ಅಂತ ಗೊತ್ತಾಗುವುದು ಆಗಲೇ. ನಾಲ್ಕೂವರೆ ತಿಂಗಳಿಗೇ 6 ಲಕ್ಷಕ್ಕೆ ಮುಗಿಸಿ ಅನ್ನುತ್ತಿದ್ದಾರಲ್ಲ, ಆ ಅವಸರಕ್ಕೆ ಕಾರಣವೂ ಇದೇ. ಗಾಯದ ಅಳತೆ ಗೊತ್ತಾಗುವ ಮುಂಚೆ ಅದಕ್ಕೆ ಬೆಲೆ ಕಟ್ಟುವುದು ಅವರಿಗೆ ಲಾಭ, ನಿಮಗಲ್ಲ.

ಲೋಕ ಅದಾಲತ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಲು ಮುರಿದು ಕೂಡಿಕೊಂಡ ಕೇಸಿಗೆ ಅದು ಒಳ್ಳೆಯ ದಾರಿ. ಆದರೆ ಅಲ್ಲಿ ಒಮ್ಮೆ ಒಪ್ಪಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ನಾಳೆ ಫಿಟ್ಸ್ ಶುರುವಾದರೂ, ಕೆಲಸ ಹೋದರೂ, ಮತ್ತೆ ಕೇಳುವ ಹಾಗಿಲ್ಲ. ಇನ್ನೊಂದು ಮಾತು. ಈಗಿನ ಸ್ಥಿತಿಯಲ್ಲಿ ನಿಮ್ಮ ಮನೆಯವರು ಮುಂದೆ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕಿಬಿಡಬಹುದು. ಯಾರೇ ಬಂದರೂ, ನೀವು ಓದದೆ ಅವರ ಕೈಗೆ ಪೆನ್ನು ಕೊಡಬೇಡಿ. ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವಷ್ಟು ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಡಾಕ್ಟರು ಹೇಳಿದರೆ, ಅವರ ಪರವಾಗಿ ನೀವೇ ನಿಂತು ಕೇಸ್ ನಡೆಸಲು ಕೋರ್ಟಿನ ಅನುಮತಿ ಕೇಳಬಹುದು. ಆಗ ನ್ಯಾಯಾಲಯದ ಒಪ್ಪಿಗೆ ಇಲ್ಲದೆ ರಾಜಿ ಮಾಡಿಕೊಳ್ಳುವ ಹಾಗಿಲ್ಲ. ಇದು ನಿಮಗೆ ರಕ್ಷಣೆಯೇ.

ಈಗ ಸ್ಕ್ಯಾನ್ ವಿಷಯ. 'ಸಿ.ಟಿ. ನಾರ್ಮಲ್, ಹಾಗಾಗಿ ಮಿದುಳಿಗೆ ಏನೂ ಆಗಿಲ್ಲ' ಅನ್ನುವುದು ನಾನು ಕೋರ್ಟಿನಲ್ಲಿ ಅತಿ ಹೆಚ್ಚು ಕೇಳಿರುವ ವಾದ, ಮತ್ತು ಅದು ತಪ್ಪು. ಸಿ.ಟಿ.ಯಲ್ಲಿ ರಕ್ತಸ್ರಾವ, ಬುರುಡೆಯ ಬಿರುಕು, ಊತ ಚೆನ್ನಾಗಿ ಕಾಣುತ್ತವೆ. ಆದರೆ ತಲೆ ಜೋರಾಗಿ ತಿರುಗಿ ನಿಂತಾಗ ಮಿದುಳಿನ ಒಳಗಿನ ಸಣ್ಣ ಸಣ್ಣ ನರದ ಎಳೆಗಳು ಜಗ್ಗಿ ಹರಿಯುತ್ತವಲ್ಲ, ಅದು ಸಿ.ಟಿ.ಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಎಂ.ಆರ್.ಐ.ನಲ್ಲಿ ಕಾಣಬಹುದು, ಕೆಲವೊಮ್ಮೆ ಅದರಲ್ಲೂ ಇಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಪೆಟ್ಟಾದರೆ ಕೈಕಾಲಿಗೆ ಏನೂ ಆಗದೆಯೂ ಇರಬಹುದು. ಸಿಟ್ಟಿನ ಹಿಡಿತ, ಕೆಲಸ ಶುರು ಮಾಡುವ ಮನಸ್ಸು, ಎರಡು ಕೆಲಸ ಒಟ್ಟಿಗೆ ತೂಗಿಸುವ ಶಕ್ತಿ, ಇವು ಹೋಗುತ್ತವೆ. ತನಗೆ ಏನಾಗಿದೆ ಅನ್ನುವ ಅರಿವೂ ಹೋಗಬಹುದು. ನಿಮ್ಮವರು 'ನನಗೇನೂ ಆಗಿಲ್ಲ' ಅನ್ನುವುದು ಹಟವೂ ಅಲ್ಲ, ಸುಳ್ಳೂ ಅಲ್ಲ. ಅದೂ ಆ ಗಾಯದ್ದೇ ಒಂದು ಲಕ್ಷಣ ಇರಬಹುದು, ಮತ್ತು ಅದನ್ನು ಡಾಕ್ಟರು ಬರೆದು ಕೊಡಬಹುದು.

ಅದಕ್ಕೆ ಬೇಕಾದದ್ದು ನ್ಯೂರೋಸೈಕಾಲಜಿ ಪರೀಕ್ಷೆ. ನೆನಪು, ಗಮನ, ಯೋಚನೆಯ ವೇಗ, ನಿರ್ಧಾರ ಮಾಡುವ ಶಕ್ತಿ ಇವನ್ನೆಲ್ಲ ಗಂಟೆಗಟ್ಟಲೆ ಕೂರಿಸಿ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮಿಲಿಟರಿ ಆಸ್ಪತ್ರೆಯ ನರರೋಗ ವೈದ್ಯರಿಂದ ರೆಫರಲ್ ಕೇಳಿ. ಒಮ್ಮೆ ಈಗ, ಇನ್ನೊಮ್ಮೆ ವರ್ಷದ ಹೊತ್ತಿಗೆ ಮಾಡಿಸಿದರೆ ಒಳ್ಳೆಯದು. ಐಸಿಯುಗೆ ಸೇರಿಸಿದ ದಿನದ ಜಿ.ಸಿ.ಎಸ್. ಅಂಕ, ಅಂದರೆ ಎಷ್ಟು ಎಚ್ಚರ ಇತ್ತು ಅಂತ ಅಳೆಯುವ ಅಂಕ, ಕೇಸ್ ಶೀಟಿನಲ್ಲಿ ಇರುತ್ತದೆ, ಅದನ್ನೂ ನೋಡಿ. 15ಕ್ಕೆ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಗಾಯ, 9ರಿಂದ 12 ಮಧ್ಯಮ, 13ರ ಮೇಲೆ ಸೌಮ್ಯ ಅಂತ ಲೆಕ್ಕ. 'ಸೌಮ್ಯ' ಅಂತ ಬರೆದವರಲ್ಲೂ ಕೆಲವರು ತಿಂಗಳುಗಟ್ಟಲೆ ಕೆಲಸಕ್ಕೆ ಮರಳಲಾಗದೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ.

ಕೇಸ್ ಶೀಟ್ ತರಿಸುವಾಗ ಮೊದಲ ಪುಟವನ್ನು ಸರಿಯಾಗಿ ಓದಿ. ಗಾಯಾಳುವನ್ನು ತಂದ ಗಡಿಬಿಡಿಯಲ್ಲಿ ಯಾರೋ ಒಬ್ಬರು 'ಬೈಕಿಂದ ಬಿದ್ರು ಸಾರ್' ಅಂದಿರುತ್ತಾರೆ. ಡ್ಯೂಟಿ ಡಾಕ್ಟರು 'ತಾನೇ ಬಿದ್ದದ್ದು' ಅಂತ ಬರೆದುಬಿಟ್ಟಿರುತ್ತಾರೆ. ಆ ಒಂದು ಸಾಲು ಹಿಡಿದುಕೊಂಡು ವಿಮೆ ಕಂಪನಿಯವರು, ಗೂಡ್ಸ್ ಗಾಡಿ ಹೊಡೆದೇ ಇಲ್ಲ ಅಂತ ವಾದಿಸಿದ ಕೇಸುಗಳು ನನ್ನ ಕೈಯಲ್ಲೇ ಎಷ್ಟೋ ಹೋಗಿವೆ. ಹಾಗಿದ್ದರೆ ಈಗಲೇ ನಿಮ್ಮ ವಕೀಲರಿಗೆ ತಿಳಿಸಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಗಾಡಿಗಳ ತಪಾಸಣೆ ವರದಿ, ಗಾಯದ ಪ್ರಮಾಣಪತ್ರ, ಮುಂದೆ ದೋಷಾರೋಪ ಪಟ್ಟಿ, ಇವೆಲ್ಲದರ ನಕಲು ಠಾಣೆ ಮತ್ತು ಕೋರ್ಟಿನಿಂದ ತೆಗೆದುಕೊಳ್ಳಿ.

ಅಣ್ಣನ ವಿಷಯಕ್ಕೆ ಬರುತ್ತೇನೆ, ಅದು ನಿಮ್ಮ ಮನಸ್ಸಿಗೆ ಭಾರ ಅಂತ ಗೊತ್ತಾಗುತ್ತದೆ. ಬೈಕಿನ ಹಿಂದೆ ಕೂತವರ ಸ್ಥಾನ ಕಾನೂನಿನಲ್ಲಿ ಗಟ್ಟಿ. ಎರಡು ಗಾಡಿಗಳ ತಪ್ಪೂ ಇದೆ ಅಂತ ಇಟ್ಟುಕೊಂಡರೂ, ಹಿಂದೆ ಕೂತವರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರೊಬ್ಬರಿಂದ ಬೇಕಾದರೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರ ಖೇನ್ಯೇಯಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಗೂಡ್ಸ್ ಗಾಡಿಯ ಮಾಲೀಕರು ಮತ್ತು ಅದರ ವಿಮೆ ಕಂಪನಿಯ ಮೇಲೆ ಮಾತ್ರ ಅರ್ಜಿ ಹಾಕಬಹುದು. ಅಣ್ಣನ ಬೈಕಿಗೆ ಪೂರ್ಣ ವಿಮೆ ಇದ್ದರೆ, ಆ ಕಂಪನಿಯನ್ನೂ ಸೇರಿಸಿದರೆ ಇನ್ನೂ ಭದ್ರ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತವರಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆಗ ಅಣ್ಣನನ್ನು ಸೇರಿಸಿದರೆ ದುಡ್ಡು ಅವರ ಜೇಬಿನಿಂದಲೇ ಹೋಗುವ ಅಪಾಯ ಇದೆ. ಪಾಲಿಸಿ ಕಾಗದ ನೋಡಿ ತೀರ್ಮಾನ ಮಾಡಿ. ಏನೇ ಆದರೂ ಅಣ್ಣ ನಿಮ್ಮ ಮುಖ್ಯ ಸಾಕ್ಷಿ. ಅವರ ಕೈ ಮುರಿದದ್ದಕ್ಕೆ ಅವರದ್ದೇ ಬೇರೆ ಅರ್ಜಿಯೂ ಆಗುತ್ತದೆ, ಆ ಆರು ತಿಂಗಳು ಅವರಿಗೂ ಓಡುತ್ತಿದೆ.

ಹೆಲ್ಮೆಟ್ ಬಗ್ಗೆ ಮುಚ್ಚುಮರೆ ಬೇಡ. ತಲೆಪೆಟ್ಟಿನ ಕೇಸಿನಲ್ಲಿ ಎದುರು ಪಕ್ಷದವರು ಅದನ್ನು ಎತ್ತಿಯೇ ಎತ್ತುತ್ತಾರೆ. ಅಷ್ಟಕ್ಕೇ ಅರ್ಜಿ ವಜಾ ಆಗುವುದಿಲ್ಲ. ಅಪಘಾತ ಆಗಲು ಕಾರಣ ಹೆಲ್ಮೆಟ್ ಅಲ್ಲವಲ್ಲ. ಆದರೆ ಗಾಯ ಜೋರಾಗಲು ಅದೂ ಕಾರಣ ಅಂತ ನ್ಯಾಯಮಂಡಳಿಗೆ ಅನ್ನಿಸಿದರೆ ಮೊತ್ತದಲ್ಲಿ ಒಂದಿಷ್ಟು ಕಡಿತ ಮಾಡಬಹುದು. ಹಾಕಿದ್ದರು ಅಂತ ಸುಳ್ಳು ಹೇಳಿಸಲು ಯಾರಾದರೂ ನೋಡಿದರೆ ಒಪ್ಪಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ನೀವು ಹೇಳುವ ನೂರು ನಿಜಕ್ಕೂ ಬೆಲೆ ಹೋಗುತ್ತದೆ.

ಎಷ್ಟು ಸಿಗಬಹುದು? ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಆಗಬೇಕು. ಡಾಕ್ಟರು ಕೊಡುವ ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಯುವ ಶಕ್ತಿಯಲ್ಲಿ ಎಷ್ಟು ಹೋಯಿತು ಅನ್ನುವುದು ಬೇರೆ. 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಸುಮ್ನೆ ಲೆಕ್ಕಕ್ಕೆ, ತೆರಿಗೆ ಕಳೆದು ಸಂಬಳ ತಿಂಗಳಿಗೆ 45,000 ಅಂತ ಇಟ್ಟುಕೊಳ್ಳಿ. ಕಾಯಂ ನೌಕರಿ, 40ರೊಳಗಿನ ವಯಸ್ಸು, ಹಾಗಾಗಿ ಮುಂದಿನ ಏರಿಕೆಗೆ ಶೇ 50 ಸೇರಿಸಿದರೆ 67,500. ವರ್ಷಕ್ಕೆ 8,10,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 31ರಿಂದ 35 ವಯಸ್ಸಿಗೆ ಗುಣಕ 16, ಅಂದರೆ 1,29,60,000. ಡಾಕ್ಟರು ಬರೆದ ವೈಕಲ್ಯ ಶೇ 25, ಅದನ್ನೇ ದುಡಿಮೆಯ ನಷ್ಟ ಅಂತ ಹಿಡಿದರೆ ಇದರಲ್ಲಿ ನಿಮಗೆ 32,40,000. ಆದರೆ ಇವರು ಇನ್ನು ಕಾವಲು ಕೆಲಸವನ್ನೂ ಮಾಡಲಾರರು, ದುಡಿಮೆಯ ನಷ್ಟ ಶೇ 60 ಅಂತ ಸಾಬೀತಾದರೆ 77,76,000. ಚಿಕಿತ್ಸೆ, ನೋವು, ಮುಂದಿನ ಔಷಧ ಇವು ಬೇರೆ. ಇದು ಭರವಸೆ ಅಲ್ಲ. 'ಸಂಬಳ ಇನ್ನೂ ಬರ್ತಿದೆಯಲ್ಲ, ಸೈನಿಕರು ಬೇಗ ನಿವೃತ್ತಿ ಆಗ್ತಾರಲ್ಲ' ಅಂತ ವಿಮೆ ಕಂಪನಿಯವರು ವಾದ ಮಾಡುತ್ತಾರೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ, ಮೊತ್ತ ಕಡಿಮೆ ಆಗಬಹುದು. ಅದಕ್ಕೆ ನಮ್ಮ ಉತ್ತರ ಬೇರೆ ಇದೆ. ಸೈನಿಕರು 40ರ ಆಸುಪಾಸಿನಲ್ಲಿ ಹೊರಬಂದ ಮೇಲೆ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಇಲಾಖೆ ಅಂತ ಇನ್ನೊಂದು ದುಡಿಮೆ ಮಾಡುತ್ತಾರೆ. ಮಿದುಳಿನ ಗಾಯ ಆ ಎರಡನೇ ದುಡಿಮೆಯನ್ನೇ ತೆಗೆದುಬಿಡುತ್ತದೆ. ಹಾಗೆಯೇ ಲೋ ಮೆಡಿಕಲ್ ಕೆಟಗರಿಯಿಂದ, ಅಂದರೆ ಸೇನೆ ಆರೋಗ್ಯದ ದರ್ಜೆ ಇಳಿಸುವುದರಿಂದ, ತಪ್ಪುವ ಹವಾಲ್ದಾರ್ ಬಡ್ತಿಯೂ ನಷ್ಟವೇ. ಅವರ ಜೊತೆಗೆ ಸೇರಿದವರಲ್ಲಿ ಯಾರು ಯಾರಿಗೆ ಬಡ್ತಿ ಆಗಿದೆ, ಇವರ ಸರದಿ ಯಾವಾಗ ಇತ್ತು ಅಂತ ಯೂನಿಟ್‌ನಿಂದ ಕಾಗದದಲ್ಲಿ ತರಿಸಿ.

ನೀವು ಮಾಡುತ್ತಿರುವ ಆರೈಕೆಗೂ ಬೆಲೆ ಇದೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಕೇಸಿನಲ್ಲಿ, ಅಪಘಾತದ ವೇಳೆ 12 ವರ್ಷ ಇದ್ದ ಹುಡುಗಿಗೆ ತಲೆಪೆಟ್ಟಿನಿಂದ ಬುದ್ಧಿ ಒಂದು ವರ್ಷ ತುಂಬದ ಮಗುವಿನ ಮಟ್ಟಕ್ಕೆ ಇಳಿದಿತ್ತು. ಹೈಕೋರ್ಟ್ ಕೊಟ್ಟಿದ್ದ ಸುಮಾರು 25 ಲಕ್ಷವನ್ನು ಸುಪ್ರೀಂ ಕೋರ್ಟ್ 62 ಲಕ್ಷಕ್ಕೂ ಮೇಲೆ ಏರಿಸಿತು. ಅದರಲ್ಲಿ ನೋಡಿಕೊಳ್ಳುವವರ ಖರ್ಚಿಗೇ ತಿಂಗಳ ಲೆಕ್ಕ ಹಾಕಿ, ಗುಣಕದಿಂದ ಗುಣಿಸಿ 21,60,000 ಕೊಟ್ಟಿತು. ನಿಮ್ಮ ಕೇಸ್ ಅಷ್ಟು ತೀವ್ರದ್ದಲ್ಲ. ಆದರೂ ಅವರನ್ನು ಒಬ್ಬರೇ ಬಿಟ್ಟು ಹೋಗಲಾಗದೆ ನೀವು ಕೆಲಸ ಬಿಟ್ಟಿದ್ದರೆ, ಅದನ್ನು ಅರ್ಜಿಯಲ್ಲಿ ಬರೆಸಿ.

ಇನ್ನು ಸೇನೆಯ ಕಡೆ. 'ರಜೆಯಲ್ಲಿ ಆದದ್ದಕ್ಕೆ ಏನೂ ಇಲ್ಲ' ಅನ್ನುವುದು ಅರ್ಧ ನಿಜ. ರಜೆಗೆ ಬಂದು ಮನೆಯಲ್ಲಿ ಇದ್ದಾಗ, ಸ್ವಂತ ಕೆಲಸದ ಮೇಲೆ ಓಡಾಡುವಾಗ ಪೆಟ್ಟಾದರೆ ಅದನ್ನು ಸೇವೆಗೆ ಜೋಡಿಸುವುದು ಬಹಳ ಕಷ್ಟ. ಸೇವೆಗೂ ಗಾಯಕ್ಕೂ ಸಂಬಂಧ ತೋರಿಸಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನಿಮ್ಮವರಿಗೆ ಆದದ್ದು ಡ್ಯೂಟಿ ಜಾಗದಿಂದ ಮನೆಗೆ ಬರುವ ದಾರಿಯಲ್ಲಿ. ಮನೆ ಇನ್ನೂ ಮುಟ್ಟಿರಲಿಲ್ಲ. ಹಾಗೆ ಹೋಗುವಾಗ ಬರುವಾಗ ಆದ ಅಪಘಾತವನ್ನು ಡ್ಯೂಟಿ ಮೇಲೆ ಆದದ್ದು ಅಂತ ನೋಡುವ ನಿಯಮ ಮೊದಲಿನಿಂದ ಇದೆ. ಸ್ವಂತ ಖರ್ಚಿನಲ್ಲಿ ಹೊರಟಿದ್ದ ಅನ್ನುವ ಕಾರಣಕ್ಕೆ ತಡೆದ ಪಿಂಚಣಿಯನ್ನು ಸುಪ್ರೀಂ ಕೋರ್ಟ್ 1999ರ ಮದನ್ ಸಿಂಗ್ ಶೇಖಾವತ್ ಪ್ರಕರಣದಲ್ಲಿ ಕೊಡಿಸಿತು. ನನ್ನ ಮಟ್ಟಿಗೆ ನಿಮ್ಮ ಇಡೀ ಪತ್ರದಲ್ಲಿ ಅತಿ ಬೆಲೆಯ ಮಾತು 'ರೈಲು ಇಳಿದು ಬರುವಾಗ' ಅನ್ನುವುದೇ.

ಅದಕ್ಕೇ ಆ ರೈಲಿನ ಟಿಕೆಟ್ ಅಥವಾ ಸೇನೆ ಕೊಡುವ ಪ್ರಯಾಣದ ವಾರಂಟ್, ಲೀವ್ ಸರ್ಟಿಫಿಕೇಟ್ ಹುಡುಕಿ ತೆಗೆದಿಡಿ. ಅವರು ಆವತ್ತು ಹಾಕಿದ್ದ ಪ್ಯಾಂಟಿನ ಜೇಬು, ಟ್ರಂಕು, ಮೊಬೈಲಿನ ಮೆಸೇಜು ಎಲ್ಲಾ ನೋಡಿ. ರೈಲು ಬಂದ ಹೊತ್ತು, ಎಫ್‌ಐಆರ್‌ನಲ್ಲಿರುವ ಅಪಘಾತದ ಹೊತ್ತು ಎರಡೂ ಹೊಂದಬೇಕು. ದಾರಿಯಲ್ಲಿ ಟೀ ಕುಡಿದಿದ್ದರೆ ಏನೂ ಆಗುವುದಿಲ್ಲ. ನೆಂಟರ ಮನೆಗೆ ಅಂತ ಬೇರೆ ದಿಕ್ಕಿಗೆ ಹೋಗಿದ್ದರೆ ಸೇನೆಯವರು ಪ್ರಶ್ನೆ ಎತ್ತುತ್ತಾರೆ.

ಯೂನಿಟ್‌ನಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಸೇನೆಯ ಒಳಗಿನ ವಿಚಾರಣೆ, ಆಗಿದೆಯೇ, ಐಎಎಫ್‌ವೈ-2006 ಅನ್ನುವ ಇಂಜುರಿ ರಿಪೋರ್ಟ್ ತುಂಬಿದ್ದಾರೆಯೇ ಅಂತ ಕೇಳಿ. ಅದರಲ್ಲಿ 'ಡ್ಯೂಟಿ ಮೇಲೆ ಇರಲಿಲ್ಲ' ಅಂತ ಬಿದ್ದರೆ ಮೆಡಿಕಲ್ ಬೋರ್ಡ್ ಕೂಡ ಅದನ್ನೇ ಹಿಡಿದುಕೊಂಡು ಹೋಗುತ್ತದೆ. ಗಾಯ ಸೇವೆಗೆ ಸಂಬಂಧಿಸಿದ್ದು, ವೈಕಲ್ಯ ಶೇ 20 ಅಥವಾ ಹೆಚ್ಚು ಅಂತಾದರೆ, ಆ ಕಾರಣಕ್ಕೆ ಸೇವೆಯಿಂದ ಬಿಡುಗಡೆ ಮಾಡಿದಾಗ ವೈಕಲ್ಯ ಪಿಂಚಣಿಗೆ ಹಕ್ಕು ಬರುತ್ತದೆ. ಇದಕ್ಕೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಇದೆ, ನಿಮ್ಮ ವಕೀಲರು ಹಳೆಯ ಪುಸ್ತಕ ನೋಡಿ ಹೇಳದಂತೆ ನೋಡಿಕೊಳ್ಳಿ. ಸಂಬಂಧ ಇಲ್ಲ ಅಂತ ಬೋರ್ಡ್ ಬರೆದರೂ ಬಾಗಿಲು ಮುಚ್ಚಿತು ಅಂತಲ್ಲ. ಮೊದಲು ಇಲಾಖೆಯಲ್ಲೇ ಅಪೀಲು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಲ್ಲಿಗೆ ಅಂತಿಮ ಆದೇಶದಿಂದ ಆರು ತಿಂಗಳು. ಜೊತೆಗೆ ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನಲ್ಲಿ, ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಬಿಡಿಸಿದವರಿಗೆ ವೈಕಲ್ಯದ ಮೊತ್ತ ಇದೆ. ಸಂಬಳ ಬರುವ ಬ್ಯಾಂಕಿನ ಡಿಫೆನ್ಸ್ ಪ್ಯಾಕೇಜಿನಲ್ಲೂ ಅಪಘಾತ ವಿಮೆ ಇರುತ್ತದೆ, ಪೂರ್ತಿ ವೈಕಲ್ಯಕ್ಕೆ ಮಾತ್ರವೋ, ಭಾಗಶಃ ಆದರೂ ಬರುತ್ತದೋ ಅಂತ ಶಾಖೆಯಲ್ಲಿ ಬರಹದಲ್ಲಿ ಕೇಳಿ. ಇದನ್ನು ಬಹಳ ಕುಟುಂಬಗಳು ಮರೆತೇಬಿಡುತ್ತವೆ.

ಪಿಂಚಣಿ ಬಂದರೆ ಕೋರ್ಟಿನ ಪರಿಹಾರ ಹೋಗುತ್ತದೆ ಅನ್ನುವ ಮಾತು ಮಾತ್ರ ಪೂರ್ತಿ ಸುಳ್ಳು. ಪಿಂಚಣಿ ಅವರು ಸೇವೆ ಮಾಡಿ ಗಳಿಸಿದ್ದು. ಗಾಡಿಯವನ ತಪ್ಪಿಗೆ ಬರುವ ಪರಿಹಾರದಿಂದ ಅದನ್ನು ಕಳೆಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1998ರ ಹೆಲೆನ್ ರೆಬೆಲ್ಲೊ ತೀರ್ಪಿನಿಂದ ಹೇಳುತ್ತಲೇ ಬಂದಿದೆ. ಎರಡು ದಾರಿಯಲ್ಲೂ ಒಟ್ಟಿಗೆ ನಡೆಯಿರಿ. ಆದರೆ ಎರಡೂ ಕಡೆ ಒಂದೇ ಕಥೆ ಇರಲಿ. ಸೇನೆಗೆ ಕೊಟ್ಟ ಹೇಳಿಕೆಯಲ್ಲಿ ಒಂದು ಹೊತ್ತು, ನ್ಯಾಯಮಂಡಳಿಯಲ್ಲಿ ಇನ್ನೊಂದು ಹೊತ್ತು ಆದರೆ ಎರಡೂ ಕಡೆ ಏಟು.

ವಕೀಲರ ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಅಂತ ಫೀಸು ಮಾತಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಆಸ್ಪತ್ರೆ ಬಾಗಿಲಲ್ಲಿ ಬಂದು ಖಾಲಿ ಕಾಗದಕ್ಕೆ ಸಹಿ ಕೇಳುವವರಿಂದ ದೂರ ಇರಿ. ಹೆಣ್ಣುಮಕ್ಕಳಿಗೆ ಮತ್ತು ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಸೈನಿಕರ ಕುಟುಂಬಗಳಿಗೆ ಅಂತಲೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಸೈನಿಕ ಕಲ್ಯಾಣ ಕಚೇರಿ, ಎರಡರಲ್ಲೂ ವಿಚಾರಿಸಿ.

ಕೊನೆಗೆ ನಿಮ್ಮ ದೊಡ್ಡ ಭಯ. ಕೋರ್ಟಿನಲ್ಲಿ 'ನನಗೇನೂ ಆಗಿಲ್ಲ' ಅಂದುಬಿಟ್ಟರೆ?

ಕೆಲವು ವರ್ಷದ ಹಿಂದೆ ನನ್ನ ಕಕ್ಷಿದಾರರೊಬ್ಬರು, ಅವರೂ ಸೇನೆಯವರೇ, ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದರು. ಎದುರು ವಕೀಲರು ಹೆಸರು ಕೇಳಿದರು, ಊರು ಕೇಳಿದರು, ಆರ್ಮಿ ನಂಬರ್ ಕೇಳಿದರು. ಮೈ ನೆಟ್ಟಗೆ ಮಾಡಿ ಪಟಪಟ ಹೇಳಿದರು. 'ನೆನಪು ಚೆನ್ನಾಗಿದೆಯಲ್ಲ' ಅಂತ ಎದುರು ವಕೀಲರು ಬರೆಸಿಕೊಂಡರು. ಆಮೇಲೆ ನ್ಯಾಯಾಧೀಶರೇ ಕೇಳಿದರು: ಇವತ್ತು ಇಲ್ಲಿಗೆ ಹೇಗೆ ಬಂದಿರಿ? ಅವರು ಉತ್ತರ ಕೊಡಲಿಲ್ಲ. ತಿರುಗಿ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದರು. ಬಸ್ಸೋ ಕಾರೋ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಹಳೆಯದೆಲ್ಲ ಗಟ್ಟಿ, ಬೆಳಿಗ್ಗೆ ನಡೆದದ್ದು ಇಲ್ಲ. ಆದರೆ ಎಲ್ಲಾ ನ್ಯಾಯಾಧೀಶರೂ ಆ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ನಾನು ಅಂಥ ಕೇಸಿನಲ್ಲಿ ಹೆಂಡತಿಯನ್ನು ಮೊದಲ ಸಾಕ್ಷಿ ಮಾಡುತ್ತೇನೆ, ಪರೀಕ್ಷೆ ಮಾಡಿದ ತಜ್ಞರನ್ನು ಎರಡನೆಯವರು. ರೆಡಿಮೇಡ್ ಸರ್ಟಿಫಿಕೇಟ್ ಕೊಡುವ ಡಾಕ್ಟರು ಬೇಡ, ನ್ಯಾಯಮಂಡಳಿಗಳು ಅವರನ್ನು ನಂಬುವುದಿಲ್ಲ.

ಇವತ್ತೇ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ರಾತ್ರಿ ತಾರೀಖು ಹಾಕಿ ಎರಡು ಮೂರು ಸಾಲು ಬರೆಯಿರಿ. 'ಸಿಟ್ಟು ಜಾಸ್ತಿ' ಅಂತ ಬರೆದರೆ ಉಪಯೋಗ ಇಲ್ಲ. 'ಹಾಲು ಉಕ್ಕಿ ತಳ ಹಿಡಿದು ಮನೆ ತುಂಬಾ ಹೊಗೆ. ಇವರು ಅಡುಗೆ ಮನೆಯಲ್ಲೇ ಕೂತಿದ್ದರು, ವಾಸನೆ ಗೊತ್ತಾಗಲಿಲ್ಲ. ಕೇಳಿದ್ದಕ್ಕೆ ಲೋಟ ಎಸೆದರು. ಅರ್ಧ ಗಂಟೆ ಬಿಟ್ಟು, ಲೋಟ ಯಾಕೆ ಒಡೆದಿದೆ ಅಂತ ಕೇಳಿದರು' ಅಂತ ಬರೆಯಿರಿ. ಅವರು ಏನಾದರೂ ತಾವೇ ಸರಿಯಾಗಿ ಮಾಡಿದ ದಿನವೂ ಬರೆಯಿರಿ, ಅದನ್ನು ಬಿಡಬೇಡಿ. ನಾಳೆ ಎದುರು ವಕೀಲರು ಆ ನೋಟ್‌ಬುಕ್ಕನ್ನು ಹಾಳೆ ಹಾಳೆ ತಿರುವುತ್ತಾರೆ. ಒಳ್ಳೆಯ ದಿನಗಳೂ ಅದರಲ್ಲಿ ಇದ್ದರೆ, ಉಳಿದದ್ದನ್ನು ಕಟ್ಟುಕಥೆ ಅನ್ನಲು ಅವರಿಗೆ ಆಗುವುದಿಲ್ಲ.